ಗಂಧದ ಹಾರದ ಹೆಂಗಸು

ಅಮ್ಮ ನನಗೆ ಜಡೆ ಹೆಣೆಯಲು ಕಲಿಸಿದ ದಿನದಿಂದ ಅವಳ ತಲೆಯನ್ನು ನಾನೇ ಬಾಚಬೇಕು. ಕೂದಲನ್ನು ಮೂರು ಪಾಲು ಮಾಡಿ ಹಿಡಿದು, ಮುಂದೇನು ಎಂದು ತೋಚದೆ ಅವಳು ಕನ್ನಡಿಯ ಮುಂದೆ ನಿಂತುಬಿಡುತ್ತಾಳೆ. ನಮ್ಮ ಊರಿನಲ್ಲಿ ಎಲ್ಲರ ಮನೆಯಲ್ಲೂ ಇದೇ ಪಾಡು, ಆದ್ದರಿಂದ ಯಾರೂ ಇದನ್ನು ದೊಡ್ಡದು ಮಾಡುವುದಿಲ್ಲ. ಮಗಳಿಗೆ ಸಾರು ಕಲಿಸಲು ಹೊರಟ ತಾಯಿ ಆ ಬೆಳಿಗ್ಗೆ ಕೊನೆಯ ಸಲವೆಂದು ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿ ಅಕ್ಕಪಕ್ಕದವರಿಗೆ ಹಂಚುತ್ತಾಳೆ. ತಮ್ಮಂದಿರಿಗೆ ಈಜು ಕಲಿಸಿದ ಅಣ್ಣಂದಿರು ಆಮೇಲೆ ಬಾವಿಯ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಇಳಿಬಿಡುತ್ತಾರೆ. ಶಾಲೆಯ ಮೇಷ್ಟ್ರುಗಳು ನಮ್ಮ ಕೈಗೆ ಪುಸ್ತಕ ಕೊಟ್ಟು, ತಾವು ತುಟಿ ಬಿಗಿಹಿಡಿದು ಹೊರಗೆ ಜಗಲಿಯಲ್ಲಿ ಕೂರುತ್ತಾರೆ.

ಕೊಟ್ಟದ್ದು ಪೂರ್ತಿ ಕೈಬಿಟ್ಟು ಹೋಗುತ್ತದೆ ಎಂದೂ ಹೇಳುವಂತಿಲ್ಲ. ಕಲಿಸಿದವರು ಕಣ್ಣು ಮುಚ್ಚಿದರೆ, ಕಲಿತವರ ಕಣ್ಣೆದುರು ಏನಿದೆಯೋ ಅದು ಕಾಣುತ್ತದೆ. ಅಮ್ಮ ಮಧ್ಯಾಹ್ನ ಒಂದು ಗಳಿಗೆ ಅಡ್ಡಾದರೆ ಸಾಕು, ನಾನು ಸಂಜೆ ಮನೆಗೆ ಬಂದಾಗ, "ಗರಡಿ ಹಿಂದೆ ನಿಂತ್ಕೊಂಡು ಹುಣಸೆಕಾಯಿ ತಿಂತಿದ್ದೆಯಲ್ಲ, ಈಗ ಹಲ್ಲು ಚುಳ್ ಅಂತಿದೆಯಾ?" ಎಂದು ಕೇಳುತ್ತಾಳೆ. ಊರಿನ ಹುಡುಗರು ಪ್ರೀತಿ ಪ್ರೇಮ ಎಂದು ಹೊರಟರೆ ಮೊದಲು ಹುಡುಗಿಗೆ ಯಾರು ಯಾರು ಏನೇನು ಕಲಿಸಿದ್ದಾರೆ ಎಂದು ವಿಚಾರಿಸಿಕೊಳ್ಳುತ್ತಾರೆ.

ನನ್ನನ್ನು ಬೆಳೆಸಿದ್ದು ಅಜ್ಜಿ, ಕಥೆ ಹೇಳಿ ಹೇಳಿ. ಹೇಳಿ ಮುಗಿಸಿದ ಕಥೆ ಅಲ್ಲಿಗೇ ಅವಳಿಂದ ಹೋಯಿತು. ಈಗ ಸಂಜೆ ದೀಪ ಹಚ್ಚಿದ ಮೇಲೆ ಅವಳೇ ನನ್ನ ಮಗ್ಗುಲಿಗೆ ಬಂದು, "ವಸು, ಒಂದು ಕಥೆ ಹೇಳೇ" ಎಂದು ಗೋಗರೆಯುತ್ತಾಳೆ. ನೆರಳನ್ನು ಒಣಗಲು ಹಾಕಿ ಮರೆತ ರಾಣಿಯ ಕಥೆಯನ್ನು ಇವತ್ತು ನಾನು ಅವಳಿಗೆ ಹೇಳಿದರೆ, ನಾಳೆ ಆ ರಾಣಿ ಯಾರು ಎಂಬುದೇ ನನಗೆ ನೆನಪಿರುವುದಿಲ್ಲ. ಅವಳು ಮತ್ತೆ ನನಗೆ ಹೇಳಬೇಕು. ಹೀಗೆ ಒಂದು ಕಥೆ ನಮ್ಮಿಬ್ಬರ ನಡುವೆ ಬಟ್ಟಲಿನ ಹಾಗೆ ಕೈ ಬದಲಾಯಿಸುತ್ತಿರುತ್ತದೆ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರೆಲ್ಲ ಯಾರಾದರೂ ಬಂದಾರು ಎಂದು ಕಾಯುತ್ತ ಕೂತಿರುತ್ತಿದ್ದರು. ನನಗೆ ಕಾಯುವುದು ಸಾಕಾಗಿತ್ತು. ಹಟ ಹಿಡಿದು ಗರಡಿಗೆ ಸೇರಿದೆ.

ನಮ್ಮ ಗರಡಿಯಲ್ಲಿ ಮಣ್ಣು ತೆಗೆದು ಹಲಗೆ ಹೊದಿಸಿ, ನಾಲ್ಕು ಮೂಲೆಗೆ ಕಂಬ ನೆಟ್ಟು, ಹಗ್ಗ ಬಿಗಿದು ಬಾಕ್ಸಿಂಗ್ ರಿಂಗು ಮಾಡಿದ್ದಾರೆ. ಚಳಿಗಾಲದಲ್ಲಿ ಒಂದು ಭಾನುವಾರ ಕೇರಿಗೊಬ್ಬಳಂತೆ ಹುಡುಗಿಯರು ಅಲ್ಲಿ ಆಡುತ್ತಾರೆ. ಹೋದ ವರ್ಷ ನನ್ನೆದುರು ನಿಂತವಳು ಭಟ್ಟಿ ಕೇರಿಯ ಹುಲಿಗೆಮ್ಮ. ಗಂಟೆ ಹೊಡೆದದ್ದು ಗೊತ್ತು, ಕೆಂಪು ಗ್ಲೌಸು ದೊಡ್ಡದಾಗುತ್ತ ಬಂದದ್ದು ಗೊತ್ತು. ಮುಂದಿನದು ಹಲಗೆಯ ವಾಸನೆ. ಬಿದ್ದದ್ದಕ್ಕೆ ನನಗೆ ಬೇಸರವಿರಲಿಲ್ಲ. ಆವತ್ತಿನಿಂದ ಏನು ಎದುರು ಬಂದರೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳತೊಡಗಿತು. ಒಗ್ಗರಣೆ ಸಿಡಿದರೆ ಮುಚ್ಚುತ್ತಿತ್ತು, ಅಜ್ಜಿ ತಲೆ ಸವರಲು ಕೈ ಎತ್ತಿದರೂ ಮುಚ್ಚುತ್ತಿತ್ತು. ಹುಲಿಗೆಮ್ಮ ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ಬೇಕೆಂದೇ ಮುಖದೆದುರು ಕೈ ಬೀಸಿ, "ಏನೇ, ದೇವರ ಧ್ಯಾನ ಮಾಡ್ತಿದ್ದೀಯಾ?" ಎನ್ನುತ್ತಿದ್ದಳು. ಸುತ್ತಲಿದ್ದವರು ನಗುತ್ತಿದ್ದರು. ಈ ವರ್ಷವೂ ಅವಳೇ ನನ್ನ ಜೋಡಿ ಎಂದು ಗೊತ್ತಾದ ದಿನ ನಾನು ಅಡಿವೆಪ್ಪ ಮಾವನ ಹತ್ತಿರ ಹೋದೆ.

ಗರಡಿಯ ಹಿಂದಿನ ಕೋಣೆ ಅಡಿವೆಪ್ಪ ಮಾವನದು. ಮೊದಲು ಅಲ್ಲಿ ಗದೆ, ಮುದ್ಗರಗಳನ್ನು ಇಡುತ್ತಿದ್ದರಂತೆ. ಈಗ ಗೋಡೆಯುದ್ದಕ್ಕೂ ಬಾಕ್ಸಿಂಗ್, ಕುಸ್ತಿ, ಜೂಡೋ, ಕರಾಟೆ ಕಲಿಸುವ ಪುಸ್ತಕಗಳು, ಕ್ಯಾಸೆಟ್ಟುಗಳು, ಸಿ.ಡಿ.ಗಳು. ಪೇಟೆಯ ಫುಟ್‌ಪಾತುಗಳಿಂದ ಇವನ್ನೆಲ್ಲ ಆರಿಸಿ ತರುವವನು ಅವನೇ. ಆರಿಸಲು ನೋಡಬೇಕು, ಆದರೆ ನೋಡುವಾಗ ಕಲಿತುಬಿಡಬಾರದು. ಅದಕ್ಕೆ ಅವನು ಟೀವಿಯ ಸದ್ದು ಪೂರ್ತಿ ಇಳಿಸಿ, ಎರಡೂ ಅಂಗೈಗಳನ್ನು ತೊಡೆಯಡಿ ಹಾಕಿಕೊಂಡು ಕೂತು, ಕಲಿಸುವವರ ಪಾದದ ಕೆಳಗಿನ ನೆಲವನ್ನಷ್ಟೇ ನೋಡುತ್ತಾನೆ. ನೆಲದ ಮೇಲೆ ನೆರಳು ಹೇಗೆ ಜರುಗುತ್ತದೆ ಎಂಬುದರಲ್ಲೇ ಅವನಿಗೆ ಗುರು ಎಂಥವನು ಎಂದು ತಿಳಿಯುತ್ತದೆ. ಅವನಿಗೆ ಇನ್ನೊಂದು ನೇಮವಿತ್ತು. ಸತ್ತವರದ್ದನ್ನು ಮಾತ್ರ ತರಬೇಕು. ಬದುಕಿರುವವರದ್ದನ್ನು ತಂದರೆ ಅದು ಕಳ್ಳತನ. ಹೆಸರಿನ ಹಿಂದೆ ದಿವಂಗತ ಎಂದಿದೆಯೇ, ಫೋಟೋಗೆ ಹಾರ ಹಾಕಿದ್ದಾರೆಯೇ ಎಂದು ನೋಡದೆ ಅವನು ಏನನ್ನೂ ಚೀಲಕ್ಕೆ ಹಾಕುತ್ತಿರಲಿಲ್ಲ.

ಕೆಳಗಿನ ಸಾಲಿನಲ್ಲಿ ಕಲಿತು ಮುಗಿದವು ಇದ್ದವು. ಅವುಗಳನ್ನು ಯಾರೂ ಎಸೆಯುವುದಿಲ್ಲ. ಕಲಿತಾದ ಪುಸ್ತಕ ತೆರೆದರೆ ಪ್ರತಿಯೊಂದು ಚಿತ್ರದಲ್ಲೂ ಆ ಗುರು ಕೈ ಕೆಳಗೆ ಬಿಟ್ಟು ನಮ್ಮನ್ನೇ ನೋಡುತ್ತಿರುತ್ತಾನೆ. ಕಲಿತಾದ ಸಿ.ಡಿ. ಹಾಕಿದರೆ ಮೊದಲಿನಿಂದ ಕೊನೆಯವರೆಗೆ ಆತ ಸುಮ್ಮನೆ ನಿಂತಿರುತ್ತಾನೆ. ಹಿಂದೆ ಪರದೆ ಅಲುಗುತ್ತದೆ, ಆತ ಅಲುಗುವುದಿಲ್ಲ. "ಅವರಿಗೂ ಕಣ್ಣು ಮುಚ್ಚಿದರೆ ನಾವು ನೋಡೋದು ಕಾಣುತ್ತಾ ಅಜ್ಜಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಸತ್ತವರು ಯಾವಾಗ್ಲೂ ಕಣ್ಣು ಮುಚ್ಚೇ ಇರ್ತಾರಲ್ಲ ಮಗಾ," ಎಂದಿದ್ದಳು ಅಜ್ಜಿ. ಆ ರಾತ್ರಿಯಿಂದ ನಾನು ಬಚ್ಚಲಲ್ಲಿ ತಲೆ ತಗ್ಗಿಸಿ ನನ್ನ ಮೈ ನೋಡಿಕೊಂಡದ್ದಿಲ್ಲ.

"ಏನು ಬೇಕು ಹೇಳು," ಎಂದ ಮಾವ.

"ಕಣ್ಣು ಮುಚ್ಚಬಾರದು ಮಾವ. ಹೊಡೆಯೋಕೆ ಬರುತ್ತೆ. ಎದುರಿಂದ ಬರೋದು ಕಾಣಲ್ಲ."

ಅವನು ಗಡ್ಡ ಕೆರೆದುಕೊಂಡು ಒಂದು ದಪ್ಪ ಪುಸ್ತಕ ಎಳೆದ. "ಇದು ಒಳ್ಳೇದೇ. ಬರೆದಾತ ಸತ್ತು ಕಾಲ ಆಯ್ತು. ಆದ್ರೆ ಕಣ್ಣಿನ ಬಗ್ಗೆ ಇರೋದು ಒಂದೇ ಸಾಲು, ಎದುರಾಳಿಯನ್ನು ನೋಡುತ್ತಿರಿ ಅಂತ. ನೋಡೋಕೆ ಬಂದಿದ್ರೆ ನೀನ್ಯಾಕೆ ಇಲ್ಲಿಗೆ ಬರ್ತಿದ್ದೆ?" ಅದನ್ನು ಒಳಗಿಟ್ಟು ಇನ್ನೊಂದು ತೆಗೆದ. "ಇದ್ರಲ್ಲಿ ಚಿತ್ರಗಳನ್ನ ಸೊಂಟಕ್ಕೇ ಕತ್ತರಿಸಿದ್ದಾರೆ. ಪರಸಪ್ಪ ಇಂಥದ್ದೇ ಒಂದು ಓದಿದ. ಕೈ ಮಿಂಚಿನ ಹಾಗೆ ಓಡುತ್ತೆ, ಕಾಲು ಮಾತ್ರ ಕಂಬ. ಈಗ್ಲೂ ಬಸ್ಸು ಹತ್ತೋವಾಗ ಯಾರಾದ್ರೂ ಎತ್ತಬೇಕು." ಮತ್ತೊಂದು ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. "ಇದು ಕರಾಟೆ. ಇದನ್ನ ಕಲಿತರೆ ಹೊಡೆಯೋ ಮುಂಚೆ ಬಗ್ಗಿ ನಮಸ್ಕಾರ ಮಾಡೋದೂ ಜೊತೇಲೇ ಬರುತ್ತೆ. ಹುಲಿಗೆಮ್ಮನ ಮುಂದೆ ಬಗ್ತೀಯಾ?"

ಕೊನೆಗೆ ಮೇಲಿನ ಸಾಲಿನ ಮೂಲೆಯಿಂದ ಒಂದನ್ನು ತೆಗೆದು, ಪಂಚೆಯ ತುದಿಯಿಂದ ಒರೆಸಿ ಕೊಟ್ಟ. ಕವರಿನ ಮೇಲೆ ಚೌಕಟ್ಟು ಹಾಕಿದ ಒಂದು ಫೋಟೋದ ಚಿತ್ರವಿತ್ತು. ಗಟ್ಟಿ ಗಲ್ಲದ ಹೆಂಗಸು, ಎಲ್ಲೋ ಮಲೆಸೀಮೆಯ ಕಡೆಯವಳಂತೆ ಸೆರಗನ್ನು ಹಿಂದಿನಿಂದ ತಂದು ಹೆಗಲಿಗೆ ಸಿಕ್ಕಿಸಿದ್ದಳು. ಚೌಕಟ್ಟಿನ ಮೇಲೆ ಗಂಧದ ಹಾರ ತೂಗುತ್ತಿತ್ತು. ಕೆಳಗೆ ಬೊಳ್ಳಮ್ಮ ಎಂದು ಹೆಸರು, ಅದರ ಕೆಳಗೆ 'ಕಣ್ಣು ತೆರೆದೇ ಇರಲಿ' ಎಂಬ ಸಾಲು.

"ಪಾಪ, ಚಿಕ್ಕ ವಯಸ್ಸು," ಎಂದ ಮಾವ. "ನೆಲ ಮಾತ್ರ ನೋಡಿದೀನಿ. ಈಯಮ್ಮನ ನೆರಳು ಒಂದು ಸಲಾನೂ ಬೆಚ್ಚಲಿಲ್ಲ."

ಸಿ.ಡಿ.ಯಲ್ಲಿ ಬೊಳ್ಳಮ್ಮ ಒಂದು ಶೆಡ್ಡಿನಲ್ಲಿ ನಿಂತಿದ್ದಳು. ಯಾರೋ ಅವಳ ಮುಖಕ್ಕೆ ಕಾಲುಚೀಲದ ಉಂಡೆಗಳನ್ನು ಎಸೆಯುತ್ತಿದ್ದರು. ಉಂಡೆ ರೆಪ್ಪೆಗೆ ತಾಗಿ ಬಿದ್ದರೂ ಅವಳ ಕಣ್ಣು ಮಿಟುಕುತ್ತಿರಲಿಲ್ಲ. "ಬರಲಿ ಬಿಡಿ," ಎನ್ನುತ್ತಿದ್ದಳು ಅವಳು, ಅಡುಗೆ ಹೇಳಿಕೊಡುವ ದನಿಯಲ್ಲಿ. "ಬರುವ ವಸ್ತುವಿಗೂ ಒಂದು ಮುಖ ಇರುತ್ತದೆ. ಅದರ ಮುಖ ನೋಡಿ." ಮಾವ ಎದುರು ಕೂತು ನನಗೂ ಅಂಥದ್ದೇ ಉಂಡೆ ಎಸೆದ. ಎಷ್ಟೋ ಸಲ ತಪ್ಪಿದ ಮೇಲೆ ಒಂದು ಉಂಡೆ ಬಂತು. ಅದರ ಹೆಬ್ಬೆರಳಿನ ಹತ್ತಿರದ ತೂತು, ತೂತಿನ ಸುತ್ತ ಬಿಚ್ಚಿಕೊಂಡ ದಾರ, ದಾರದ ತುದಿ ಎಲ್ಲವೂ ಕಂಡವು. ಅದು ಮೂಗಿಗೆ ಬಡಿದು ಬಿತ್ತು. ನನ್ನ ಕಣ್ಣು ತೆರೆದೇ ಇತ್ತು.

ನಗುತ್ತ ಟೀವಿಯತ್ತ ತಿರುಗಿದೆ. ಬೊಳ್ಳಮ್ಮ ಕೈ ಕೆಳಗೆ ಬಿಟ್ಟು ನಿಂತಿರಲಿಲ್ಲ. ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಶೆಡ್ಡಿನ ಗೋಡೆಗೆ ಒತ್ತಿಕೊಂಡು ಕುಕ್ಕರಿಸಿದ್ದಳು. ಭುಜ ನಡುಗುತ್ತಿತ್ತು.

ಮಾವ ತುಂಬಾ ಹೊತ್ತು ನೋಡಿದ. "ಸತ್ತವರು ಹೀಗೆ ಮಾಡಲ್ಲ," ಎಂದ. ಎದ್ದು ಹೋಗಿ ನವಿಲಿನ ಚಿತ್ರದ ಬಟ್ಟೆಯೊಂದನ್ನು ತಂದು ಟೀವಿಯ ಮೇಲೆ ಹೊದಿಸಿದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಎದುರಿನಿಂದ ಬರುವುದೆಲ್ಲ ನನಗೆ ಕಾಣುತ್ತಿತ್ತು. ಮುಖಕ್ಕೆ ನೀರು ಎರಚಿಕೊಂಡರೆ ಹನಿಗಳು ಒಂದರ ಹಿಂದೊಂದು ಬರುತ್ತಿದ್ದವು, ಒಂದೊಂದರಲ್ಲೂ ಬಚ್ಚಲ ಕಿಟಕಿ ತಲೆಕೆಳಗಾಗಿ ನಿಂತಿರುತ್ತಿತ್ತು. ಅಜ್ಜಿ ತಲೆ ಸವರಲು ಬಂದರೆ ಅವಳ ಅಂಗೈಯ ಗೆರೆಗಳನ್ನು ಓದಬಹುದಿತ್ತು. ನಲ್ಲಿಯ ಹತ್ತಿರ ಹುಲಿಗೆಮ್ಮ ಮತ್ತೆ ಕೈ ಬೀಸಿದಳು. ನಾನು ಅವಳ ಬೆರಳುಗಳ ಸಂದಿಯಿಂದ ಅವಳನ್ನೇ ನೋಡಿದೆ. ಅವಳ ನಗು ಅರ್ಧಕ್ಕೇ ನಿಂತಿತು. ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದಳು.

ಆಟದ ವಾರ ಶುರುವಾದ ದಿನ ಮಧ್ಯಾಹ್ನ ನಾನೂ ಮಾವನೂ ಗರಡಿಯಲ್ಲಿದ್ದೆವು. ಬಸ್ಸಿನ ಕಂಡಕ್ಟರು ಒಬ್ಬ ಹೆಂಗಸನ್ನು ಕೈ ಹಿಡಿದು ಕರೆತಂದ. ಅವಳು ಕಣ್ಣು ಮುಚ್ಚಿಕೊಂಡೇ ಹೊಸ್ತಿಲು ದಾಟಿದಳು. "ಟೀವಿ ಮೇಲೆ ನವಿಲಿನ ಬಟ್ಟೆ ಹಾಕಿದ್ದೀರಲ್ಲ, ಅದು ಇದೇ ಜಾಗವಾ?" ಎಂದು ಕೇಳಿದಳು.

ಗಟ್ಟಿ ಗಲ್ಲ ನೋಡಿಯೇ ನನಗೆ ಗುರುತು ಸಿಕ್ಕಿತು. ಮಾವನ ಕೈಯಿಂದ ಏಟು ತಡೆಯುವ ಪ್ಯಾಡು ಜಾರಿತು. "ಅಮ್ಮಾ, ನೀವು... ಹಾರ ಹಾಕಿತ್ತಲ್ಲ ಫೋಟೋಗೆ," ಎಂದ ಅವನು.

"ಅದು ಗೆದ್ದಾಗ ನನ್ನ ಕೊರಳಿಗೆ ಹಾಕಿದ ಹಾರ," ಎಂದಳು ಬೊಳ್ಳಮ್ಮ. "ಗಂಧದ್ದು, ಮೂಲೆಯಲ್ಲಿ ಬಿದ್ದು ಹಾಳಾಗೋದು ಬೇಡ ಅಂತ ನಮ್ಮಪ್ಪ ಫೋಟೋಗೆ ತೂಗುಹಾಕಿದ್ರು."

"ನಮ್ಮ ಕಡೆ ಬದುಕಿರೋರ ಫೋಟೋಗೆ ಹಾರ ಹಾಕಲ್ಲಮ್ಮ."

"ನಮ್ಮ ಕಡೇನೂ ಹಾಕಲ್ಲ. ಅಪ್ಪನಿಗೆ ಹೇಳೋರ್ಯಾರು?"

ಮಾವ ಗೋಡೆಗೆ ಒರಗಿ ಕೂತುಬಿಟ್ಟ. ಗುಬ್ಬಿಯೊಂದು ಕಿಟಕಿಯಿಂದ ಒಳಗೆ ಹಾರಿ ಬಂತು. ಆಗತಾನೇ ಕಣ್ಣು ತೆರೆದಿದ್ದ ಬೊಳ್ಳಮ್ಮ ಸಿ.ಡಿ.ಯಲ್ಲಿದ್ದ ಹಾಗೆಯೇ ಮುಖ ಮುಚ್ಚಿಕೊಂಡು ಕುಕ್ಕರಿಸಿದಳು.

ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು. ತನ್ನೂರಲ್ಲಿ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದಳಂತೆ. ಪ್ಯಾಡು ಹಿಡಿದು ನಿಂತಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿಹೋಯಿತು. ಅಪ್ಪನ ಸಾಮಿಲ್ಲಿನಲ್ಲಿ ಮರದ ಚೂರು ಹಾರುವುದನ್ನು ನೋಡುತ್ತ ತಾನಾಗಿ ಬಂದ ವಿದ್ಯೆ ಅದು, ಯಾರೂ ಕಲಿಸಿದ್ದಲ್ಲ. ಆದ್ದರಿಂದ ಮತ್ತೆ ಯಾರ ಹತ್ತಿರವೂ ಕಲಿಯುವಂತಿರಲಿಲ್ಲ. ಮುಚ್ಚಿದ ಕಣ್ಣಲ್ಲಿ ಈ ಗರಡಿ ಕಂಡಿತು, ಕನ್ನಡಿಯಲ್ಲಿ ಹಣೆಯ ಮೇಲೆ ಮಚ್ಚೆಯಿರುವ ಒಬ್ಬ ಹುಡುಗಿ ಕಂಡಳು. "ನೀನು ಬಸ್ಸು ನಿಲ್ದಾಣದಲ್ಲಿ ನಿಂತಿದ್ದಾಗ ಬೋರ್ಡು ಓದಿದೆ," ಎಂದಳು ನನ್ನತ್ತ ಮುಖ ಮಾಡಿ. "ನನಗೆ ಒಬ್ಬಳು ಮಗಳಿದ್ದಾಳೆ. ನಡೆಯೋಕೆ ಶುರುಮಾಡಿದ್ದಾಳೆ. ಕೈ ಚಾಚಿಕೊಂಡು ನನ್ನ ಹತ್ತಿರ ಬರ್ತಾಳೆ. ಬರೋದು ಗೊತ್ತಾಗುತ್ತೆ. ನೋಡೋಕಾಗಲ್ಲ."

"ಭಾನುವಾರ ನನ್ನ ಆಟ ಇದೆ ಅಕ್ಕಾ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಅದೊಂದು ಮುಗೀಲಿ. ಆಮೇಲೆ ಕೊಟ್ಟುಬಿಡ್ತೀನಿ."

"ಆಗಲಿ," ಎಂದಳು ಬೊಳ್ಳಮ್ಮ. "ಆಟ ಅಂದ್ರೆ ಏನು ಅಂತ ನನಗೂ ಗೊತ್ತು."

ಅವಳನ್ನು ನಮ್ಮ ಮನೆಯಲ್ಲೇ ಇಳಿಸಿಕೊಂಡೆವು. ಅಮ್ಮ ಬಡಿಸಲು ಸೌಟು ಚಾಚಿದರೆ ಅವಳು ಬೆಚ್ಚುತ್ತಿದ್ದಳು. ಆದ್ದರಿಂದ ಅಮ್ಮ ತಟ್ಟೆಯನ್ನು ಒಳಗೇ ತುಂಬಿ ನೆಲದ ಮೇಲೆ ಮೆಲ್ಲಗೆ ಸರಿಸುತ್ತಿದ್ದಳು. ನಾನು ಬೆಳಿಗ್ಗೆ ಸಂಜೆ ಗರಡಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆ. ಮಾವ ಮುಖದತ್ತ ಬೀಸಿದ ಪ್ರತಿಯೊಂದು ಹೊಡೆತದ ಮುಖವನ್ನೂ ನೋಡಿ ತಪ್ಪಿಸಿಕೊಳ್ಳುತ್ತಿದ್ದೆ. ಹೊಡೆಯುವಾಗ ಅವನು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ.

ಶುಕ್ರವಾರ ಅಭ್ಯಾಸ ಮುಗಿಸಿ ಬಂದಾಗ ಅಜ್ಜಿ ಜಗಲಿಯಲ್ಲೇ ನನ್ನನ್ನು ತಡೆದಳು. "ಒಳಗೆ ಹೋಗಿ ನೋಡು," ಎಂದಳು. ಬೊಳ್ಳಮ್ಮ ನಡುಮನೆಯ ಕಂಬವನ್ನು ತಬ್ಬಿ ಕೂತಿದ್ದಳು. ತುಟಿ ಕಚ್ಚಿ ರಕ್ತ ಬಂದಿತ್ತು. "ನೀನು ಗರಡಿಗೆ ಹೋದಾಗಲೆಲ್ಲ ಹೀಗೇ ಆಗುತ್ತೆ," ಎಂದಳು ಅಜ್ಜಿ. "ಕಣ್ಣು ತೆಗೆದ್ರೆ ನೊಣ ಹಾರಿದರೂ ಹೆದರಿಕೆ, ಮುಚ್ಚಿಹೋಗುತ್ತೆ. ಮುಚ್ಚಿದ್ರೆ ನಿನಗೆ ಬರೋ ಏಟೆಲ್ಲ ಅವಳ ಮುಖಕ್ಕೇ ಬರುತ್ತೆ. ಮುಚ್ಚಿರೋ ಕಣ್ಣನ್ನ ಇನ್ನು ಹೇಗೆ ಮುಚ್ಕೋಬೇಕು, ನೀನೇ ಹೇಳು."

ನಾನು ಹೊಸ್ತಿಲಲ್ಲೇ ನಿಂತೆ. ಅವಳು ಒಂದು ಮಾತೂ ಹೇಳಿರಲಿಲ್ಲ. ಭಾನುವಾರ ಹುಲಿಗೆಮ್ಮ ಬೀಸುವುದೆಲ್ಲ ಹೀಗೆಯೇ ಅವಳಿಗೂ ಬರುತ್ತದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೂ ಒಳಗೊಬ್ಬಳು, ಒಂದೇ ದಿನ ತಾನೇ, ತಡೆದುಕೊಳ್ಳಲಿ, ಎನ್ನುತ್ತಿದ್ದಳು. ಆ ಒಳಗಿನವಳ ಮುಖವನ್ನೂ ನೋಡಿದೆ. ಕಣ್ಣು ಮುಚ್ಚಲು ಬರುತ್ತಿರಲಿಲ್ಲವಲ್ಲ.

"ಕಥೆ ಹಿಂದಕ್ಕೆ ಕೊಡೋಕೆ ಬರುತ್ತೆ ಅಂದ್ಮೇಲೆ ಇದೂ ಬರುತ್ತೆ," ಎಂದಳು ಅಜ್ಜಿ, ನನ್ನನ್ನು ನೋಡದೆ.

ಮರುದಿನ ಹಿತ್ತಲಿನಲ್ಲಿ ಬೊಳ್ಳಮ್ಮನನ್ನು ಕಲ್ಲಿನ ಮೇಲೆ ಕೂರಿಸಿ ಕಾಲುಚೀಲದ ಉಂಡೆ ಮಾಡಿದೆ. "ಬರಲಿ ಬಿಡಿ ಅಕ್ಕಾ," ಎಂದೆ. "ಬರೋದಕ್ಕೂ ಒಂದು ಮುಖ ಇರುತ್ತೆ. ಅದರ ಮುಖ ನೋಡಿ." ಅವಳ ಮಾತನ್ನೇ ಅವಳು ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದಳು. ಬಿಸಿಲು ಬಾವಿಕಟ್ಟೆ ದಾಟಿ ತುಳಸಿಯತ್ತ ಸರಿಯುವವರೆಗೂ ಎಸೆಯುತ್ತಿದ್ದೆ. ಕೊನೆಗೊಂದು ಉಂಡೆ ಅವಳ ಹುಬ್ಬಿಗೆ ಬಡಿದು ಮಡಿಲಿಗೆ ಬಿತ್ತು. ಅವಳು ಅದನ್ನು ಎತ್ತಿ ತಿರುಗಿಸಿ ನೋಡಿ, "ತೂತಾಗಿದೆ," ಎಂದಳು. ಆಮೇಲೆ ನನ್ನ ಕೆನ್ನೆಯ ಮೇಲೆ ಬಿದ್ದ ಕೂದಲನ್ನು ಸರಿಸಲು ಕೈ ಚಾಚಿದಳು. ನನ್ನ ಕಣ್ಣು ಗಪ್ಪೆಂದು ಮುಚ್ಚಿಕೊಂಡಿತು. ಮುಚ್ಚಿದ ಕಣ್ಣೊಳಗೆ, ಹಣೆಯ ಮೇಲೆ ಮಚ್ಚೆಯಿರುವ, ಕಣ್ಣು ಮುಚ್ಚಿ ನಿಂತ ಒಬ್ಬ ಹುಡುಗಿ ಕಂಡಳು. ಇಷ್ಟು ಹೆದರಿದ ಮುಖ ನನ್ನದೆಂದು ನನಗೆ ಗೊತ್ತೇ ಇರಲಿಲ್ಲ.

"ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ," ಎಂದಳು ಅವಳು. "ಮಗು ಕಾಯ್ತಿರುತ್ತೆ."

ಭಾನುವಾರ ನಾನು ಎದ್ದಾಗ ಅವಳ ಚಾಪೆ ಸುತ್ತಿಟ್ಟಿತ್ತು. ಗರಡಿ ತುಂಬಿ ಕಿಟಕಿಗಳಲ್ಲೂ ಜನ ಕೂತಿದ್ದರು. ಗ್ಲೌಸು ಕಟ್ಟುವಾಗ ಮಾವ, "ಬಿದ್ರೆ ಬೇಗ ಬಿದ್ದುಬಿಡು ಮಗಾ, ಹೆಚ್ಚು ಏಟು ತಿನ್ನಬೇಡ," ಎಂದು ಮೆಲ್ಲಗೆ ಹೇಳಿದ. ಎದುರು ಮೂಲೆಯಲ್ಲಿ ಹುಲಿಗೆಮ್ಮ ಕುತ್ತಿಗೆ ತಿರುಗಿಸುತ್ತಿದ್ದಳು. ನಲ್ಲಿಯ ಹತ್ತಿರದ ನನ್ನ ನೋಟವನ್ನು ಅವಳು ಮರೆತಿರಲಿಲ್ಲ. ಮೊದಲಿನ ನಗು ಇರಲಿಲ್ಲ.

ಗಂಟೆ ಹೊಡೆಯಿತು. ಕೆಂಪು ಗ್ಲೌಸು ದೊಡ್ಡದಾಗುತ್ತ ಬಂತು. ಕಣ್ಣು ಮುಚ್ಚಿಹೋಯಿತು. ಬಸ್ಸಿನ ಕಿಟಕಿ, ಓಡುವ ಮರಗಳು ಕಾಣಬಹುದು ಎಂದುಕೊಂಡಿದ್ದೆ. ಕಂಡದ್ದು ಹಗ್ಗ. ಹಗ್ಗದ ಆಚೆ ಇಬ್ಬರು ಹುಡುಗಿಯರು. ಒಬ್ಬಳು ಕಣ್ಣು ಮುಚ್ಚಿದ್ದಳು, ಇನ್ನೊಬ್ಬಳ ಬಲಗೈ ಅವಳ ಮುಖದತ್ತ ಹೊರಟಿತ್ತು. ನಾನು ಆ ಕಣ್ಣು ಮುಚ್ಚಿದ ಹುಡುಗಿಯ ತಲೆಯನ್ನು ಪಕ್ಕಕ್ಕೆ ಬಾಗಿಸಿದೆ. ಗಾಳಿ ಕಿವಿ ಸವರಿ ಹೋಯಿತು.

ಬೊಳ್ಳಮ್ಮ ಎಲ್ಲೋ ಹಗ್ಗದ ಹತ್ತಿರವೇ ಕೂತಿದ್ದಳು. ಎಲ್ಲಿ ಎಂದು ನಾನು ನೋಡಲಿಲ್ಲ, ನೋಡಲು ಕಣ್ಣು ತೆರೆಯಬೇಕಿತ್ತು. ಅವಳ ರೆಪ್ಪೆ ಒಂದು ಸಲವೂ ಬಡಿಯಲಿಲ್ಲ. ಬಡಿದಿದ್ದರೆ ನನಗೆ ಕತ್ತಲಾಗುತ್ತಿತ್ತು. ದೂರದಿಂದ ನೋಡಿದರೆ ಹುಲಿಗೆಮ್ಮ ಅಷ್ಟು ದೊಡ್ಡವಳಲ್ಲ. ಹೊಡೆಯುವ ಮುಂಚೆ ಅವಳ ಎಡ ಮೊಣಕೈ ಕೋಳಿಯ ರೆಕ್ಕೆಯಂತೆ ಏಳುತ್ತದೆ. ಅದು ಎದ್ದಾಗಲೆಲ್ಲ ಆ ಹುಡುಗಿಯನ್ನು ಜರುಗಿಸಿದೆ, ಬಾಗಿಸಿದೆ. ಅಜ್ಜಿಯ ಮಡಿಲಲ್ಲಿ ಮಲಗಿ ಕಥೆಯೊಳಗಿನ ಹುಡುಗಿಯನ್ನು ಕಾಡು ದಾಟಿಸುವಾಗ ಹೀಗೆಯೇ ಅನಿಸುತ್ತಿತ್ತು. ಗರಡಿಯಲ್ಲಿ ಗಲಾಟೆ ಕಡಿಮೆಯಾಗುತ್ತ ಬಂದು, ಕೊನೆಗೆ ಹಲಗೆಯ ಕಿರುಗುಟ್ಟುವಿಕೆ ಮಾತ್ರ ಉಳಿಯಿತು. ಕಣ್ಣು ಮುಚ್ಚಿದವಳ ಮುಖ ತನ್ನನ್ನೇ ಹಿಂಬಾಲಿಸುವುದನ್ನು ಕಂಡು ಹುಲಿಗೆಮ್ಮ ಹಿಂದೆ ಹಿಂದೆ ಸರಿದಳು. ಮೂಲೆಗೆ ಬೆನ್ನು ತಾಗಿದಾಗ ಅವಳೂ ಕಣ್ಣು ಮುಚ್ಚಿದಳು. ಹೋದ ವರ್ಷ ನನ್ನ ಮುಖ ಹೇಗಿತ್ತು ಎಂದು ಆಗ ತಿಳಿಯಿತು. ನನ್ನ ಕೈಯನ್ನು ಪೂರ್ತಿ ಬೀಸದೆ, ಅರ್ಧದಲ್ಲಿ ಸಡಿಲಿಸಿ ಹೊಡೆದೆ. ಅಷ್ಟಕ್ಕೇ ಅವಳು ಕಂಬ ಹಿಡಿದು ಕೆಳಗೆ ಕೂತಳು; ಎಣಿಕೆ ಮುಗಿದರೂ ಏಳಲಿಲ್ಲ.

ಗ್ಲೌಸು ಬಿಚ್ಚುವಾಗ ಅವಳೇ ನನ್ನ ಮೂಲೆಗೆ ಬಂದಳು. "ಯಾರೇ ಕಲಿಸಿದ್ದು ಇದನ್ನ?" ಎಂದಳು, ದನಿ ತಗ್ಗಿಸಿ.

"ಯಾರೂ ಕಲಿಸಿಲ್ಲ ಕಣೇ," ಎಂದೆ. ನಮ್ಮ ಊರಿನಲ್ಲಿ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೊಳ್ಳಮ್ಮ ಮಧ್ಯಾಹ್ನದ ಬಸ್ಸಿಗೆ ಹೋದಳು. ಬೆಳಗಿನ ಬಸ್ಸು ಬಂದಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಬಂದಿತ್ತು ಎಂದಷ್ಟೇ ಹೇಳಿದಳು. ಮಾವ ಅವಳ ಸಿ.ಡಿ.ಯ ಕವರನ್ನು ಕಾಲ ಮೇಲೆ ಇಟ್ಟುಕೊಂಡು, ಫೋಟೋದ ಮೇಲಿನ ಹಾರವನ್ನು ಬ್ಲೇಡಿನಿಂದ ಒಂದೊಂದೇ ಎಸಳಾಗಿ ಕೆರೆದು ತೆಗೆಯುತ್ತ ಸಂಜೆಯವರೆಗೂ ಕೂತಿದ್ದ.

ದೀಪ ಹಚ್ಚಿದ ಮೇಲೆ ಅಜ್ಜಿ ಮಗ್ಗುಲಿಗೆ ಬಂದಳು. "ಒಂದು ಕಥೆ ಹೇಳೇ ವಸು." ತಲೆ ಸವರಲು ಕೈ ಎತ್ತಿದಳು. ನನ್ನ ಕಣ್ಣು ಮುಚ್ಚಿಕೊಂಡಿತು. "ತಡಿ ಅಜ್ಜಿ," ಎಂದೆ. ಅಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಒಂದು ಮರದ ಗೇಟು ತೆರೆಯಿತು. ಅಂಗಳದ ಆಚೆ ತುದಿಯಲ್ಲಿ ಹಳದಿ ಫ್ರಾಕಿನ ಮಗುವೊಂದು ಎದ್ದು ನಿಂತಿತು, ಎರಡೂ ಕೈ ಮುಂದೆ ಚಾಚಿ ತೊನೆಯುತ್ತ ಓಡಿ ಬಂತು. ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಅಂಗೈಗೆ ಮೆತ್ತಿದ ಮಣ್ಣು, ಮಣ್ಣಿನಲ್ಲಿ ಮೂಡಿದ ಎಳೆಯ ಗೆರೆಗಳು ಕಂಡವು. ಆ ಕೈಗಳು ಬಂದು ಮುಖದ ಎರಡೂ ಕಡೆ ಹಿಡಿದುಕೊಂಡವು. ಅಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ.